ಎಮ್ಮೆ ಹಿಂಡಿ, ಮಂದಿ ಹಿಂಡಿ

ದೊಡ್ಡವ್ವ ತೂಕದ ಯಂತ್ರ ಹತ್ತುವ ಮುಂಚೆ ಚಪ್ಪಲಿ ಕಳಚಿದಳು, ಹೆಗಲ ಮೇಲಿನ ಕಂಬಳಿ ತೆಗೆದು ನನ್ನ ಕೈಗೆ ಕೊಟ್ಟಳು, ಸೊಂಟದ ಎಲೆ ಅಡಿಕೆ ಸಂಚಿಯನ್ನೂ ಬಿಚ್ಚಿ ಕಿಟಕಿಯಲ್ಲಿಟ್ಟಳು. ಹತ್ತಿ ನಿಂತವಳು ಉಸಿರು ಬಿಗಿ ಹಿಡಿದು, ಈಗ ನೋಡು ಎಂದು ಕಣ್ಸನ್ನೆ ಮಾಡಿದಳು. ಉಸಿರು ಹಿಡಿದರೆ ತೂಕ ಕಡಿಮೆಯಾಗುತ್ತದೆ ಎಂದು ಅವಳಿಗೆ ಯಾರು ಹೇಳಿದ್ದರೋ. ನೋಡಿದೆ. ಮುಳ್ಳು ಹಿಂದಿನ ಸಲಕ್ಕಿಂತ ಮುಂದೆ ಹೋಗಿ ನಿಂತಿತ್ತು. ಅದರ ಹಿಂದಿನ ಸಲವೂ ಹೀಗೇ ಆಗಿತ್ತು.

“ಇಳದದೇನವ್ವಾ?”

“ತೂಕ ಇಳದಿಲ್ಲ ದೊಡ್ಡವ್ವಾ. ನೀ ಇಳಿ,” ಅಂದೆ.

ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಆಂಧ್ರಕ್ಕೆ ಸೇರಿದ್ದ ನಾರಾಯಣಖೇಡಿನಿಂದ ಒಳಗಿದ್ದ, ಕನ್ನಡ ಮಾತಾಡುವ ಒಂದು ಊರಿನ ಆರೋಗ್ಯ ಕೇಂದ್ರದಲ್ಲಿ ನಾನು ಆಗ ನರ್ಸು. ದೊಡ್ಡವ್ವ ಅದೇ ಊರಿನ ಕುರಿ ಸಾಕುವ ಮನೆಯ ಹಿರಿಯಳು, ಐವತ್ತು ದಾಟಿದವಳು. ಊರೆಲ್ಲ ದೊಡ್ಡವ್ವ ಎನ್ನುತ್ತಿತ್ತು, ನಾನೂ ಅನ್ನುತ್ತಿದ್ದೆ. ಗಂಡ ಹೋದ ಮೇಲೆ ಮಂದೆಯನ್ನು ನಡೆಸಿದವಳು ಅವಳೇ. ಜೋಳ ಕೊಯ್ದಾದ ಮೇಲೆ ಮಂದೆ ಊರು ಬಿಡುತ್ತದೆ. ರೈತರು ಗೊಬ್ಬರದ ಆಸೆಗೆ ತಮ್ಮ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸಿಕೊಂಡು ಕಾಳು ಕೊಡುತ್ತಾರೆ. ಹೊಲದಿಂದ ಹೊಲಕ್ಕೆ ಆ ತಿರುಗಾಟವೇ ಅವಳ ಜೀವ.

ಕೊನೆಯ ಹೆರಿಗೆಯ ನಂತರ ಅವಳ ಹೊಕ್ಕಳ ಮೇಲೆ ನಿಂಬೆಹಣ್ಣಿನಷ್ಟು ಉಬ್ಬು ಕಾಣಿಸಿಕೊಂಡಿತ್ತು. ಎಷ್ಟೋ ವರ್ಷ ಅದನ್ನು ಸೀರೆಯ ನೆರಿಗೆಯಡಿ ಒತ್ತಿಟ್ಟುಕೊಂಡೇ ಕುರಿಯ ಹಿಂದೆ ನಡೆದಳು. ಅದು ದೊಡ್ಡದಾದಾಗ ಮಕ್ಕಳು ಹೆದರಿ ಅವಳನ್ನು ಮನೆಯಲ್ಲಿ ಕೂಡಿಸಿದರು. ಕೂತಲ್ಲೇ ಉಣ್ಣೆ ನೂಲುವುದು, ಅಡುಗೆಮನೆಯ ಕಾರುಬಾರು ನೋಡುವುದು, ಸೊಸೆಯನ್ನು ಗದರುವುದು. ನಡೆದೂ ನಡೆದೂ ಬತ್ತಿದ್ದ ಮೈ ಎರಡು ಮೂರು ವರ್ಷದಲ್ಲಿ ತುಂಬಿಕೊಂಡಿತು. ಮೈ ತುಂಬಿದ ಹಾಗೆ ಉಬ್ಬೂ ಬೆಳೆಯಿತು.

ಆ ವರ್ಷ ಮಳೆ ಶುರುವಾಗುವ ಹೊತ್ತಿಗೆ ಕರುಳಿನ ಒಂದು ಮಡಿಕೆ ಆ ಉಬ್ಬಿನೊಳಗೆ ಸಿಕ್ಕಿಕೊಂಡು ಅವಳನ್ನು ಗಾಡಿಯಲ್ಲಿ ಹಾಕಿಕೊಂಡು ಬಂದರು. ನಮ್ಮ ಡಾಕ್ಟರು ಮಂಚದ ಕಾಲ ಕಡೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರು, ನೋವಿನ ಸೂಜಿ ಹಾಕಿದರು, ತಣ್ಣೀರ ಬಟ್ಟೆ ಇಡಿಸಿದರು, ಆಮೇಲೆ ಬೆರಳ ತುದಿಗಳಿಂದ ಸಾವಕಾಶವಾಗಿ ಒತ್ತುತ್ತ ಒಳಗೆ ಕಳಿಸಿದರು. ಮರುವಾರ ಹೈದರಾಬಾದಿನ ದೊಡ್ಡ ದವಾಖಾನೆಗೆ ಕಳಿಸಿದೆವು. ಅಲ್ಲಿಯ ಸರ್ಜನರು ಹೊಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ನೋಡಿ, ಇಷ್ಟು ಕೊಬ್ಬಿನಲ್ಲಿ ಹೊಲಿಗೆ ನಿಲ್ಲುವುದಿಲ್ಲ, ಮೊದಲು ಮೈ ಇಳಿಸಿ, ಚಳಿಗಾಲ ಮುಗಿಯುವಾಗ ಕರೆತನ್ನಿ ಎಂದು ವಾಪಸು ಕಳಿಸಿದರು. ಅಷ್ಟರೊಳಗೆ ಕರುಳು ಮತ್ತೆ ಸಿಕ್ಕಿಕೊಂಡು ಒಳಗೆ ಹೋಗದಿದ್ದರೆ ಅದು ಅಲ್ಲೇ ಕೊಳೆಯುತ್ತದೆ. ಮಳೆಗಾಲದಲ್ಲಿ ನಮ್ಮೂರಿನಿಂದ ಹೈದರಾಬಾದಿಗೆ ರಸ್ತೆ ಹೇಗಿತ್ತು ಎಂದು ಬಲ್ಲ ಯಾರಿಗೂ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಗಾಗಿ ಮೈ ಇಳಿಸುವ ಕೆಲಸ ನಮ್ಮ ಪಾಲಿಗೆ ಬಂತು.

ಡಾಕ್ಟರು ಮಡಕಶಿರದ ಕಡೆಯವರು. ಅದು ಆಂಧ್ರದ ದಕ್ಷಿಣದ ತುದಿ. ಅವರ ಮನೆಮಾತು ಕನ್ನಡ. ಕನ್ನಡ ಬರುತ್ತದಲ್ಲ ಎಂದು ಮೇಲಿನವರು ಅವರನ್ನು ಈ ತುದಿಗೆ ಹಾಕಿದ್ದರು. ಮೇಲಿನವರ ಲೆಕ್ಕದಲ್ಲಿ ಕನ್ನಡ ಎಂದರೆ ಒಂದೇ ಕನ್ನಡ. ಬಂದ ಹೊಸದರಲ್ಲಿ ಹೊಟ್ಟೆನೋವಿನ ಒಬ್ಬ ಮುದುಕ ಬಂದು “ಹೊಟ್ಟಿ ಕಡ್ಯಾಕತ್ಯದರಿ” ಅಂದಾಗ ಅವರು ಗಾಬರಿಯಾಗಿ “ಏನು ಕಚ್ಚಿತು?” ಎಂದು ಅಂಗಿ ಎತ್ತಿಸಿ ನೋಡಿದ್ದರು. ಆದರೆ ಮನುಷ್ಯ ಒಳ್ಳೆಯವರು, ಚಿಕ್ಕ ವಯಸ್ಸು, ತುಂಬ ಶ್ರದ್ಧೆ. ರೋಗಿಗಳ ಜೊತೆ ತಾವೇ ಮಾತಾಡಬೇಕು, ನಡುವೆ ನಾನು ಇರಬಾರದು ಎಂದು ಅವರಿಗೆ ಹಟ. ನನಗೂ ಕೈತುಂಬ ಕೆಲಸ, ಬಿಟ್ಟುಬಿಡುತ್ತಿದ್ದೆ.

ದೊಡ್ಡವ್ವನ ಊಟದ ವಿಚಾರಣೆಯನ್ನೂ ಅವರೇ ಮಾಡಿದ್ದರು. ನಾನು ಪಕ್ಕದಲ್ಲಿ ಸೂಜಿಗಳನ್ನು ಕುದಿಯಲು ಇಡುತ್ತಿದ್ದೆ.

“ದಿನಾ ಏನು ತಿಂತೀರಮ್ಮ?”

“ಏನ್ ತಿಂತಾರ್ರಿ ಸಾಹೇಬ್ರ, ನಾವೇನ್ ಗೌಡ್ರ ಮನ್ಯಾವ್ರಾ? ಜ್ವಾಳದ ರೊಟ್ಟಿ, ಹಿಂಡಿ. ಮುಂಜಾನಿ ಅದೇ, ಸಂಜಿಗಿ ಅದೇ.”

ಡಾಕ್ಟರ ಪೆನ್ನು ನಿಂತಿತು. “ಹಿಂಡೀನಾ?”

“ಹೂಂರಿ, ಶೇಂಗಾ ಹಿಂಡಿ. ಅದಿಲ್ದ ರೊಟ್ಟಿ ಗಂಟಲದಾಗ ಇಳಿಯಂಗಿಲ್ರಿ.”

ಅವರ ಮುಖದಲ್ಲಿ ಎಂಥ ಮರುಕ ಮೂಡಿತೆಂದರೆ ನಾನು ಇಕ್ಕಳ ಕೆಳಗಿಟ್ಟು ನೋಡಿದೆ. ರೊಟ್ಟಿ ಹಿಂಡಿ ತಿನ್ನುವುದರಲ್ಲಿ ಮರುಗುವಂಥದ್ದು ಏನಿದೆ? ನಾನೂ ಆ ದಿನ ಬೆಳಿಗ್ಗೆ ಅದನ್ನೇ ತಿಂದು ಬಂದಿದ್ದೆ. ಶೇಂಗಾ ಹುರಿದು, ಸಿಪ್ಪೆ ಉಜ್ಜಿ, ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ, ಶೇಂಗಾ ತಾನೇ ಎಣ್ಣೆ ಬಿಟ್ಟು ಮುದ್ದೆಯಾಗುವ ತನಕ ಒರಳಿನಲ್ಲಿ ಕುಟ್ಟುವ ಪುಡಿ ಅದು. ನಮ್ಮ ಕಡೆ ಅದಿಲ್ಲದ ಮನೆಯಿಲ್ಲ.

ಆಮೇಲೆ ಅವರು ಪಥ್ಯ ಹೇಳಿದರು. ಎಣ್ಣೆ ಪೂರ್ತಿ ಬಿಡಬೇಕು. ಒಂದು ರೊಟ್ಟಿ ಕಡಿಮೆ ಮಾಡಬೇಕು. ಸೊಪ್ಪು, ಮಜ್ಜಿಗೆ ಚೆನ್ನಾಗಿ ತೆಗೆದುಕೊಳ್ಳಬೇಕು. ಕೊನೆಗೆ ತಾವಾಗಿಯೇ, “ಹಿಂಡಿ ಮಾತ್ರ ಹೊಟ್ಟೆ ತುಂಬ ತಿನ್ನಿ. ಅದಕ್ಕೆ ಸಂಕೋಚ ಪಡಬೇಡಿ. ಮೈಗೆ ಬಲ ಬರುತ್ತೆ, ಕೊಬ್ಬು ಬರಲ್ಲ,” ಅಂದರು.

ದೊಡ್ಡವ್ವನಿಗೆ ಬಹಳ ಖುಷಿಯಾಯಿತು. ನನಗೆ ಆಶ್ಚರ್ಯವಾಯಿತು. ಆದರೆ ತರಬೇತಿಯಲ್ಲಿ ಶೇಂಗಾ ಪೌಷ್ಟಿಕ ಎಂದು ನಮಗೂ ಹೇಳಿಕೊಟ್ಟಿದ್ದರು. ಓದಿದವರು, ಏನೋ ಹೊಸ ವಿಷಯ ಇರಬೇಕು ಎಂದುಕೊಂಡು ಸೂಜಿಗಳ ಕಡೆ ತಿರುಗಿದೆ.

ಮೊದಲ ಸಲ ತೂಕ ಏರಿದಾಗ ಡಾಕ್ಟರು ಯಂತ್ರವನ್ನು ಅನುಮಾನಿಸಿದರು. ಮಕ್ಕಳ ಹಾಲಿನ ಪುಡಿಯ ಒಡೆಯದ ಡಬ್ಬಿಗಳನ್ನು ಅದರ ಮೇಲೆ ಜೋಡಿಸಿ ನೋಡಿದರು. ಯಂತ್ರ ಸರಿಯಾಗಿತ್ತು. ಎರಡನೆಯ ಸಲ ದೊಡ್ಡವ್ವನ ಕಾಲಿನ ಹರಡು ಒತ್ತಿ ನೀರು ತುಂಬಿದೆಯೇ ಎಂದು ಪರೀಕ್ಷಿಸಿದರು, ಮೂತ್ರ ಕಾಯಿಸಿ ನೋಡಿದರು, ಕುತ್ತಿಗೆ ಹಿಡಿದು ನೋಡಿದರು. ಎಲ್ಲ ಸರಿ. ಮೂರನೆಯ ಸಲ, ನಾನು ಆರಂಭದಲ್ಲಿ ಹೇಳಿದ ಆ ಬೆಳಿಗ್ಗೆ, ಅವರ ತಾಳ್ಮೆ ಮುಗಿಯಿತು.

“ಅಮ್ಮಾ, ನಿಜ ಹೇಳಿ. ಎಣ್ಣೆ ಬಿಟ್ಟಿದ್ದೀರಾ ಇಲ್ವಾ?”

ದೊಡ್ಡವ್ವ ಕಂಬಳಿ ಹೆಗಲಿಗೆ ಹಾಕುತ್ತಿದ್ದವಳು ನಿಂತಳು. “ಏನಂದ್ರಿ? ನಾ ಸುಳ್ಳ ಹೇಳಾಕ ಇಷ್ಟ ದೂರ ಬಂದೀನಂತ್ರೇನು? ಎಣ್ಣಿ ಗಡಿಗಿ ನನ್ನ ಕೈಯಾಗೇ ಅದ. ಒಂದ್ ಹನಿ ನನ್ನ ಗಂಗಾಳಕ್ಕ ಬಿದ್ದಿದ್ರ ಕೇಳ್ರಿ. ಕುರಿ ಮ್ಯಾಲ ಆಣಿ.”

ಕುರಿಯ ಮೇಲೆ ಆಣೆ ಇಟ್ಟರೆ ಅದು ಸುಳ್ಳಾಗುವುದಿಲ್ಲ. ನಾನು ಡಾಕ್ಟರಿಗೆ ಹಾಗೆಂದೆ. ಅವರು ನನ್ನನ್ನೂ ದೊಡ್ಡವ್ವನನ್ನೂ ನೋಡಿ, “ನಾಳೆ ನಾವೇ ಮನೆಗೆ ಬರ್ತೀವಿ,” ಅಂದರು.

ಮರುದಿನ ಹೊರರೋಗಿಗಳು ಮುಗಿದ ಮೇಲೆ ಹೋದೆವು. ಅಂಗಳದಲ್ಲಿ ಒಂದು ಎಮ್ಮೆ ಕಟ್ಟಿತ್ತು. ಸೊಸೆ ಗೋಡೆಗೆ ಒರಗಿಸಿದ್ದ ಚೀಲದಿಂದ ಗಾಣದ ಹಿಂಡಿಯ ಬಿಲ್ಲೆ ತೆಗೆದು ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು. ಡಾಕ್ಟರು ಅದನ್ನು ನೋಡಿ ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, “ಇದನ್ನೇ ತಾನೇ ಪಾಪ ಇವರೂ ತಿನ್ನೋದು,” ಅಂದರು. ಅವರು ಏನು ಹೇಳುತ್ತಿದ್ದಾರೆ ಎಂದು ನನಗೆ ಆಗಲೂ ಹೊಳೆಯಲಿಲ್ಲ.

ನಮ್ಮ ಕಡೆ ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವ ಪದ್ಧತಿಯಿಲ್ಲ. ಗಂಗಾಳ ಬಂತು, ಬಿಸಿ ರೊಟ್ಟಿ ಬಂತು. ಸೊಸೆ ಡಬ್ಬಿ ಹಿಡಿದು ಬಂದು, “ಸಾಹೇಬ್ರ, ಹಿಂಡಿ ಹಾಕ್ಲೇನ್ರಿ?” ಎಂದು ಕೇಳಿದಳು.

ಡಾಕ್ಟರು ಗಂಗಾಳವನ್ನು ತಮ್ಮ ಕಡೆ ಎಳೆದುಕೊಂಡೇಬಿಟ್ಟರು. “ನನಗೆ ಬೇಡಮ್ಮ. ಎಮ್ಮೆಗೆ ಹಾಕೋದನ್ನ ನಾನು... ಅಭ್ಯಾಸ ಇಲ್ಲ.”

ಸೊಸೆ ಸೆರಗು ಬಾಯಿಗೆ ಇಟ್ಟುಕೊಂಡಳು. ದೊಡ್ಡವ್ವ ನಗಲಿಲ್ಲ.

“ಯಪ್ಪಾ, ಎಮ್ಮಿ ಹಿಂಡಿ ಬ್ಯಾರೆ, ಮಂದಿ ಹಿಂಡಿ ಬ್ಯಾರೆ. ನಾ ಏನ್ ಎಮ್ಮೀನಾ?”

ಸೊಸೆ ಡಬ್ಬಿ ತೆರೆದು ಹಿಡಿದಳು. ಕೆಂಪಗೆ, ಒದ್ದೊದ್ದೆಯಾಗಿ, ಬೆಳ್ಳುಳ್ಳಿಯ ವಾಸನೆ. ಡಾಕ್ಟರು ಚಿಟಿಕೆ ತೆಗೆದುಕೊಂಡು ಎರಡು ಬೆರಳ ನಡುವೆ ತಿಕ್ಕಿದರು. ಜೇಬಿನಿಂದ ಒಂದು ಚೀಟಿ ತೆಗೆದು ಅದರ ಮೇಲೆ ಒತ್ತಿದರು. ಚೀಟಿಯ ಆಚೆಗಿನ ಎಮ್ಮೆ ಕಾಣುವಷ್ಟು ಎಣ್ಣೆ ಹರಡಿತು. ಅವರ ಊರಿನಲ್ಲಿ ಹಿಂಡಿ ಎಂದರೆ ಗಾಣದಲ್ಲಿ ಎಣ್ಣೆ ಹಿಂಡಿ ಉಳಿದ ಚರಟ, ದನಕ್ಕೆ ಹಾಕುವುದು, ಅಷ್ಟೇ. ಆ ಚರಟದಲ್ಲಿ ಎಣ್ಣೆ ಕಡಿಮೆ, ಬಲ ಹೆಚ್ಚು ಎಂದು ಅವರು ಓದಿದ್ದರು. ಬಡವರು ಅದನ್ನೇ ತಿಂದು ಬದುಕಿದ್ದಾರೆ ಎಂದು ಮರುಗಿ, ಅದರಲ್ಲಾದರೂ ಒಳ್ಳೆಯದಾಗಲಿ ಎಂದು ಹೊಟ್ಟೆ ತುಂಬ ತಿನ್ನಲು ಹೇಳಿದ್ದರು. ನಮ್ಮಲ್ಲಿ ಎರಡಕ್ಕೂ ಹಿಂಡಿಯೇ. ಯಾವುದು ಯಾವುದು ಎಂದು ನಮಗೆ ಎಂದೂ ಗೊಂದಲವಾಗಿದ್ದಿಲ್ಲ, ಆದ್ದರಿಂದ ಯಾರಿಗಾದರೂ ಆಗಬಹುದು ಎಂದೂ ತೋಚಿರಲಿಲ್ಲ.

“ಇದನ್ನ ಎಷ್ಟು ತಿಂತೀರಿ?” ಡಾಕ್ಟರ ದನಿ ಸಣ್ಣಗಾಗಿತ್ತು.

“ನೀವೇ ಹೇಳೀರಲ್ಲ, ಹೊಟ್ಟಿ ತುಂಬ ಅಂತ. ಮದ್ಲ ಜರಾ ಎಣ್ಣಿ ಹಾಕ್ಕೊಂಡು ಕಲಸ್ತಿದ್ದೆ. ಈಗ ಎಣ್ಣಿ ಬಿಟ್ಟೀನ್ರಿ.”

“ಒಣದೇ ತಿಂತೀರಾ?”

“ಒಣದು ಹ್ಯಾಂಗ್ ತಿನ್ನಾದ್ರಿ? ತುಪ್ಪ ಹಾಕ್ಕೋತೀನಿ. ತುಪ್ಪ ಪಥ್ಯಕ್ಕ ನಡೀತದಲ್ರಿ.”

ಇದು ನನಗೆ ಗೊತ್ತಿರಬೇಕಾಗಿತ್ತು. ಬಾಣಂತಿಗೆ ತುಪ್ಪ, ಜ್ವರದಿಂದ ಎದ್ದವರಿಗೆ ತುಪ್ಪ. ನಮ್ಮ ಹೆಂಗಸರಿಗೆ ಪಥ್ಯ ಎಂದರೆ ಎಣ್ಣೆ ಬಿಟ್ಟು ತುಪ್ಪ ಹಿಡಿಯುವುದು. ಎಣ್ಣೆ ಬೇಡ ಎಂದು ಡಾಕ್ಟರು ಹೇಳಿದ ಕ್ಷಣದಲ್ಲೇ ದೊಡ್ಡವ್ವನ ಕಿವಿಗೆ ತುಪ್ಪ ತಿನ್ನು ಎಂದು ಕೇಳಿಸಿತ್ತು. ಅವಳು ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಪಾಲಿಸಿದ್ದಕ್ಕೇ ಊದಿದ್ದಳು.

ಡಾಕ್ಟರಿಗೆ ನಾಚಿಕೆಯೂ ಆಗಿತ್ತು, ಭಯವೂ ಆಗಿತ್ತು. ಎರಡೂ ಸೇರಿದಾಗ ಮನುಷ್ಯ ಅತಿ ಮಾಡುತ್ತಾನೆ. ಅವರು ಅಲ್ಲೇ ಎಲ್ಲವನ್ನೂ ನಿಲ್ಲಿಸಿದರು. ಎಣ್ಣೆ ಇಲ್ಲ, ತುಪ್ಪ ಇಲ್ಲ, ಹಿಂಡಿ ಇಲ್ಲ. ಒಣ ರೊಟ್ಟಿ, ಬೇಯಿಸಿದ ಸೊಪ್ಪು, ನೀರು ಮಜ್ಜಿಗೆ. “ಆತು,” ಅಂದಳು ದೊಡ್ಡವ್ವ, ಅಷ್ಟೇ.

ಮೊದಲು ತೂಕ ಇಳಿಯಿತು. ಡಾಕ್ಟರು ಮತ್ತೆ ಸಿಳ್ಳೆ ಹಾಕುತ್ತ ಓಡಾಡತೊಡಗಿದರು. ನನಗೆ ಮಾತ್ರ ದೊಡ್ಡವ್ವನ ಮುಖ ಸೇರಲಿಲ್ಲ. ತುಟಿ ಒಡೆದಿದ್ದವು, ಕಣ್ಣಲ್ಲಿ ಸದಾ ಹಸಿವು. ಸ್ವಲ್ಪ ದಿನಕ್ಕೆ ಮುಳ್ಳು ಇಳಿಯುವುದನ್ನು ನಿಲ್ಲಿಸಿತು. ಕೇಳಿದರೆ, “ಬಾಯಿ ಸಪ್ಪಗ್ ಆಗ್ಯದವ್ವಾ. ಎಷ್ಟ್ ತಿಂದ್ರೂ ತಿಂದಂಗ್ ಆಗಂಗಿಲ್ಲ. ಇನ್ನೊಂದು ರೊಟ್ಟಿ ಹರಕೋತೀನಿ, ಮತ್ತೊಂದು ಹರಕೋತೀನಿ,” ಅಂದಳು. ಇದನ್ನು ನಾನು ಡಾಕ್ಟರಿಗೆ ಹೇಳಿದೆ. ಮನಸ್ಸು ಗಟ್ಟಿ ಮಾಡಿಕೊಳ್ಳಲು ಹೇಳಿ ಎಂದರು. ಹೊಟ್ಟೆ ಗಟ್ಟಿಯಾಗಿರುವುದನ್ನು ಅವಳು ನಮ್ಮಿಬ್ಬರಿಗೂ ಹೇಳಿರಲಿಲ್ಲ.

ಸಂತೆಯ ದಿನ ಮಧ್ಯಾಹ್ನ ಮಕ್ಕಳು ಅವಳನ್ನು ಹೊರಸಿನ ಮೇಲೆ ಹೊತ್ತುಕೊಂಡು ಬಂದರು. ಒಣ ಊಟದಿಂದ ಮಲ ಕಟ್ಟಿ, ಬಯಲಿಗೆ ಹೋದಾಗ ತಿಣುಕಿ ತಿಣುಕಿ ಕರುಳು ಮತ್ತೆ ಉಬ್ಬಿನಲ್ಲಿ ಸಿಕ್ಕಿಕೊಂಡಿತ್ತು. ಮುಟ್ಟಿದರೆ ಕಲ್ಲು. ಮತ್ತೆ ಇಟ್ಟಿಗೆ, ಮತ್ತೆ ಸೂಜಿ, ಮತ್ತೆ ತಣ್ಣೀರ ಬಟ್ಟೆ. ಹಿಂದಿನ ಸಲ ಬೇಗ ಜಾರಿದ್ದು ಈ ಸಲ ಜಾರಲಿಲ್ಲ. ಜೋರಾಗಿ ಒತ್ತಿದರೆ ಕರುಳು ಹರಿಯಬಹುದು. ಒತ್ತದಿದ್ದರೆ ಹಾಗೇ ಉಳಿಯುತ್ತದೆ. ಡಾಕ್ಟರು ಬೆರಳು ಇಟ್ಟು ಒತ್ತುವರು, ನಿಲ್ಲಿಸುವರು, ಕಾಯುವರು. ನಾನು ಅವಳ ತಲೆ ಹಿಡಿದುಕೊಂಡು ಕೂತಿದ್ದೆ. ನನಗೆ ಬಹಳ ಭಯವಾಗಿತ್ತು. ನರ್ಸು ಹೆದರಬಾರದು ಎನ್ನುತ್ತಾರೆ. ಹೆದರುತ್ತಾರೆ, ಮುಖ ಸುಮ್ಮನಿರುತ್ತದೆ ಅಷ್ಟೇ. ಬಿಸಿಲು ಕಿಟಕಿಯಿಂದ ಗೋಡೆಗೆ ಸರಿದ ಮೇಲೆ ಅವರ ಬೆರಳಡಿ ಗುಳು ಗುಳು ಎಂದು ಸದ್ದಾಗಿ ಗಂಟು ಕರಗಿತು. ದೊಡ್ಡವ್ವ ಅಳತೊಡಗಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಡಾಕ್ಟರು ಕೈ ತೊಳೆಯುತ್ತ ಬಹಳ ಹೊತ್ತು ನಲ್ಲಿಯ ಹತ್ತಿರವೇ ನಿಂತಿದ್ದರು. “ಮೂರನೇ ಸಲ ಒಳಗೆ ಹೋಗಲ್ಲ, ಸಿಸ್ಟರ್,” ಅಂದರು.

“ಒಣ ರೊಟ್ಟಿ ಇನ್ನ ಸಾಕ್ರಿ ಸರ್,” ಅಂದೆ.

“ಸಾಕು. ನಾನು ಬೇಡ ಅಂತ ಹೇಳ್ತಾನೇ ಇದ್ದೀನಿ. ಯಾವುದು ಬೇಕು ಅಂತ ಕೇಳೇ ಇಲ್ಲ.”

ಅವಳು ಚೇತರಿಸಿಕೊಂಡ ಮೇಲೆ ಇಬ್ಬರೂ ಮತ್ತೆ ಅವಳ ಮನೆಗೆ ಹೋದೆವು. ಡಾಕ್ಟರು ಕಟ್ಟೆಯ ಮೇಲೆ ಕೂತು ಸೊಸೆಗೆ, ಮನೆಯಲ್ಲಿ ಜಿಡ್ಡಿರುವ ಪದಾರ್ಥ ಏನೇನಿದೆಯೋ ಎಲ್ಲ ತಂದಿಡು ಅಂದರು. ಎಣ್ಣೆ ಎಂದು ಹೆಸರಿಲ್ಲದ್ದನ್ನೂ ತರಬೇಕು ಎಂದು ನಾನು ಸೇರಿಸಿದೆ. ಶೇಂಗಾ ಎಣ್ಣೆಯ ಗಡಿಗೆ ಬಂತು. ತುಪ್ಪದ ಗಿಂಡಿ ಬಂತು. ಬೀಗರು ಬಂದಾಗ ಪೂರಿ ಕರಿಯಲು ಇಟ್ಟ ವನಸ್ಪತಿಯ ಡಬ್ಬಿ ಬಂತು. ಹೊಲದಂಚಿನ ಕುಸುಬಿಯಿಂದ ತೆಗೆಸಿದ ಎಣ್ಣೆಯ ಬಾಟಲಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಒಣ ಕೊಬ್ಬರಿಯ ಬಟ್ಟಲು. ಮುಗಿಯಿತೇ ಎಂದು ಡಾಕ್ಟರು ಕೇಳಿದಾಗಲೆಲ್ಲ ಸೊಸೆ “ಇನ್ನ ಅದರಿ” ಎಂದು ಒಳಗೆ ಹೋಗುತ್ತಿದ್ದಳು. ಕೊನೆಗೆ ಕಟ್ಟೆ ತುಂಬಿತು.

“ಮೈಗೆ ಹತ್ತೋದರಲ್ಲಿ ಇವೆಲ್ಲ ಒಂದೇ ಅಮ್ಮ. ತುಪ್ಪ ಅಂತ ಬಿಡಲ್ಲ, ಹಿಂಡಿ ಅಂತ ಬಿಡಲ್ಲ,” ಎಂದು ಅವರು ಶುರು ಮಾಡಿದರು. ನಾನು ನಡುನಡುವೆ ನಮ್ಮ ಮಾತಿಗೆ ತಿರುಗಿಸಿದೆ; ಈ ಸಲ ಅವರು ಬೇಡವೆನ್ನಲಿಲ್ಲ. ತುಪ್ಪ, ವನಸ್ಪತಿ ಎರಡೂ ಚಳಿಗೆ ಹೆಪ್ಪುಗಟ್ಟುವಂಥವು, ಅವು ರಕ್ತನಾಳಕ್ಕೂ ಒಳ್ಳೆಯದಲ್ಲ, ಅವನ್ನು ಒಳಗಿಡಿ ಅಂದರು. ಕೊಬ್ಬರಿಯನ್ನೂ ಅವುಗಳ ಜೊತೆ ಕಳಿಸಿದರು. ಅಡುಗೆಗೆ ಶೇಂಗಾ ಎಣ್ಣೆಯ ಬದಲು ಕುಸುಬಿ ಎಣ್ಣೆ ಇರಲಿ, ಆದರೆ ಅಳತೆಯಲ್ಲಿ. “ಇನ್ನು ಮೂರು ಹಿಂಡಿ ಉಳಿದವು. ಇದರಲ್ಲಿ ಒಂದು ನಿಮಗೆ. ಊಟಕ್ಕೆ ಒಂದು ಚಮಚ. ಯಾವುದು, ನೀವೇ ಹೇಳಿ.”

ಶೇಂಗಾ ಹಿಂಡಿಗೆ ಕೈ ಹಾಕುತ್ತಾಳೆ ಎಂದೇ ನಾನು ತಿಳಿದಿದ್ದೆ. ದೊಡ್ಡವ್ವ ಮೂರನ್ನೂ ನೋಡಿದಳು, ಅಗಸಿ ಹಿಂಡಿಯ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು.

“ಶೇಂಗಾ ಹಿಂಡಿಗಿ ಕೈ ಹಾಕಿದ್ರ ಕೈ ನಿಲ್ಲಂಗಿಲ್ರಿ. ಅಗಸಿ ಹಂಗಲ್ಲ. ಜರಾ ತಿಂದ್ರ ಸಾಕಂತದ.”

ಡಾಕ್ಟರ ಮುಖ ಅರಳಿತು. ಅಗಸಿ ಹೊಟ್ಟೆಯನ್ನೂ ಸಡಿಲವಾಗಿಡುತ್ತದೆ, ಅವರ ಮನಸ್ಸಿನಲ್ಲಿಯೂ ಅದೇ ಇತ್ತಂತೆ. ಆದರೆ ದೊಡ್ಡವ್ವನ ಮಾತು ಮುಗಿದಿರಲಿಲ್ಲ. ಅವಳು ಕುಸುಬಿ ಎಣ್ಣೆಯ ಬಾಟಲಿ ನೋಡುತ್ತ ಕೂತಿದ್ದಳು. ಆ ಮನೆಗೆ ಬಂದು ಅತ್ತೆ ಸತ್ತಾಗಿನಿಂದ ಒಗ್ಗರಣೆಗೆ ಎಣ್ಣೆ ಸುರಿಯುವ ಕೈ ಅವಳದೇ. ಸೊಸೆ ರೊಟ್ಟಿ ಬಡಿಯಬಹುದು, ಪಲ್ಯ ಹೆಚ್ಚಬಹುದು, ಎಣ್ಣೆಗೆ ಅತ್ತೆಯನ್ನು ಕರೆಯಬೇಕು. ಅವಳ ಕೈಯೋ, ಓರೆ ಮಾಡಿದರೆ ಧಾರೆ ನಿಲ್ಲದ ಕೈ.

“ಇಕಿ ಕೈಯಾಗ ಕೊಡ್ತೀನ್ರಿ,” ಅಂದಳು. “ನಾ ಹಾಕಿದ್ರ ನಿಮ್ಮ ಅಳತಿ ಉಳಿಯಂಗಿಲ್ಲ. ಬಾ, ತಗೋ.”

ಸೊಸೆ ತಕ್ಷಣ ಕೈ ಚಾಚಲಿಲ್ಲ. ನನ್ನ ಮುಖ ನೋಡಿದಳು. ತಗೋ ಎಂದು ನಾನು ಕಣ್ಣಲ್ಲೇ ಹೇಳಿದೆ. ತೆಗೆದುಕೊಂಡು ಒಳಗೆ ಹೋದಳು. ದೊಡ್ಡವ್ವ ನೂಲುವ ಕದಿರು ಎತ್ತಿಕೊಂಡಳು, ಉಣ್ಣೆಯ ಎಳೆ ಎರಡು ಸಲ ತುಂಡಾಯಿತು. ನನಗೆ ಅವಳ ಮೇಲೆ ಆವತ್ತು ಹುಟ್ಟಿದ ಗೌರವ ಆಮೇಲೆ ಕಡಿಮೆಯಾಗಲಿಲ್ಲ.

ಡಾಕ್ಟರು ಸೊಸೆಗೆ ದವಾಖಾನೆಯ ಔಷಧದ ಚಮಚ ಒಂದನ್ನು ಕೊಟ್ಟರು. ಬೆಳಿಗ್ಗೆ ಇಡೀ ದಿನದ ಎಣ್ಣೆಯನ್ನು ಅದರಲ್ಲಿ ಅಳೆದು ಒಂದು ಬಟ್ಟಲಿಗೆ ಹಾಕಿಡುವುದು. ಬಟ್ಟಲು ಬರಿದಾದರೆ ಆವತ್ತಿಗೆ ಮುಗಿಯಿತು. ದೊಡ್ಡವ್ವನೊಬ್ಬಳಿಗೆ ಬೇರೆ ಅಡುಗೆ ಬೇಡ, ಮನೆಗೆಲ್ಲ ಒಂದೇ ಎಂದು ನಾನು ಹಟ ಹಿಡಿದೆ. ಬೇರೆ ಗಡಿಗೆ ಇಟ್ಟರೆ ಪಕ್ಕದ ಗಡಿಗೆಯ ವಾಸನೆಗೇ ಪಥ್ಯ ಮುರಿಯುತ್ತದೆ. ಗಂಡಸರು ಗೊಣಗಿದರು. “ಪಲ್ಯದಾಗ ಎಣ್ಣಿ ಹುಡುಕಾಕ ಕಂದೀಲು ಬೇಕು,” ಎಂದು ಹಿರಿಯ ಮಗ ನನ್ನೆದುರೇ ಅಂದ. ಅಗಸಿಯನ್ನು ಹುರಿದು ಕುಟ್ಟುವುದು, ಮೇಲೆ ಎಣ್ಣೆ ಹಾಕದೆ ಮಜ್ಜಿಗೆಯಲ್ಲಿ ಕಲಸುವುದು. ಜೊತೆಗೆ ಬೆಳಿಗ್ಗೆ ಮರಿಗಳನ್ನು ಹಳ್ಳದ ತನಕ ಹೊಡೆದುಕೊಂಡು ಹೋಗಿಬರುವುದು. ಇದನ್ನು ಡಾಕ್ಟರು ವ್ಯಾಯಾಮ ಎಂದರು. ಎಲ್ಲಕ್ಕಿಂತ ಚೆನ್ನಾಗಿ ಅವಳು ಪಾಲಿಸಿದ್ದು ಅದನ್ನೇ.

ತೂಕ ಸರಸರ ಇಳಿಯಲಿಲ್ಲ. ಒಂದು ಸಲ ಸ್ವಲ್ಪ, ಒಂದು ಸಲ ಏನೂ ಇಲ್ಲ, ಮತ್ತೆ ಸ್ವಲ್ಪ. ಆದರೆ ಹೊಟ್ಟೆ ಸರಿಹೋಯಿತು, ತುಟಿಗೆ ಬಣ್ಣ ಬಂತು, ರೊಟ್ಟಿ ತಾನಾಗಿ ಕಡಿಮೆಯಾಯಿತು. ಎಳ್ಳಮಾವಾಸ್ಯೆಗೆ ನನಗೆ ದಿಗಿಲು. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಹಬ್ಬ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಮರುದಿನ ಅವಳು ದವಾಖಾನೆಯ ಬಾಗಿಲು ತೆಗೆಯುವ ಮೊದಲೇ ಬಂದು ಕೂತಿದ್ದಳು. ಡಾಕ್ಟರು ಇನ್ನೂ ಸೈಕಲ್ಲಿನಿಂದ ಇಳಿಯುತ್ತಿದ್ದರು.

“ಸಾಹೇಬ್ರ, ಒಂದ್ ಹೋಳಿಗಿ ತಿಂದೀನ್ರಿ. ತುಪ್ಪ ಹಾಕ್ಕೊಂಡಿಲ್ಲ. ಬೈಯೋದಿದ್ರ ಈಗೇ ಬೈದುಬಿಡ್ರಿ, ಮರಿ ಬಿಟ್ಟು ಬಂದೀನಿ.”

“ಒಂದೇನಾ?”

“ಒಂದೇ ರಿ. ಅರ್ಧ ಇನ್ನ ತಿಂತಿದ್ದೆ, ಇಕಿ ಕಸಗೊಂಡ್ಳು.”

ಇಕಿ ಎಂದರೆ ಸೊಸೆ.

ಚಳಿ ಮುರಿಯುವ ಹೊತ್ತಿಗೆ ನಾನೇ ಅವಳನ್ನು ಹೈದರಾಬಾದಿಗೆ ಕರೆದುಕೊಂಡು ಹೋದೆ. ಸರ್ಜನರು ಹೇಳಿದ್ದಷ್ಟು ತೂಕ ಇಳಿದಿರಲಿಲ್ಲ. ಹಿಂದೆ ಕಳಿಸಿದರೆ ಮುಂದಿನ ಮಳೆಗಾಲವನ್ನು ಇವಳು ದಾಟುತ್ತಾಳೆಯೇ ಎಂಬ ಯೋಚನೆ ಬಸ್ಸಿನುದ್ದಕ್ಕೂ ನನ್ನನ್ನು ಬಿಡಲಿಲ್ಲ. ಸರ್ಜನರು ಕಾಗದದ ಮೇಲಿನ ತೂಕ ನೋಡಿ ಸಾಲದೆಂಬಂತೆ ತಲೆ ಆಡಿಸಿದರು. ಆಮೇಲೆ ಹೊಟ್ಟೆಯನ್ನು ಮೊದಲಿನ ಹಾಗೇ ಮುಷ್ಟಿಯಲ್ಲಿ ಹಿಡಿದರು. ಬಿಟ್ಟರು, ಮತ್ತೆ ಹಿಡಿದರು. “ಚಲೇಗಾ,” ನಡೆಯುತ್ತದೆ ಎಂದು ಪಕ್ಕದ ಹುಡುಗ ಡಾಕ್ಟರಿಗೆ ಹೇಳಿ ಮುಂದಿನ ಹಾಸಿಗೆಗೆ ನಡೆದರು. ಆಪರೇಷನ್ ಆದ ಮೇಲೆ, ಹೊಲಿಗೆ ಚೆನ್ನಾಗಿ ಕೂತಿದೆ, ಹೊಟ್ಟೆ ಮೊದಲಿನ ಹಾಗಿದ್ದರೆ ಕೂರುತ್ತಿರಲಿಲ್ಲ ಎಂದು ಆ ಹುಡುಗ ಡಾಕ್ಟರೇ ಬಂದು ಹೇಳಿದರು. ಹೊಲಿಗೆ ಕೂತರೆ ಸಾಲದು, ನಿಲ್ಲಬೇಕು. ಅದು ಗೊತ್ತಾಗಲು ಒಂದು ವರ್ಷ ಬೇಕು, ಅಲ್ಲಿಯ ತನಕ ಭಾರ ಎತ್ತಬಾರದು, ಮಧ್ಯೆ ಮಧ್ಯೆ ತೋರಿಸುತ್ತಿರಬೇಕು ಅಂದರು.

ಮಳೆಗಾಲದಲ್ಲಿ ತಪ್ಪದೆ ತೋರಿಸಿಕೊಂಡಳು. ಆಮೇಲೆ ಜೋಳ ಕೊಯ್ಲಾಯಿತು, ದೊಡ್ಡವ್ವ ಬರುವುದು ನಿಂತಿತು. ವರ್ಷದ ತಪಾಸಣೆಯ ಹೊತ್ತು ಬಂದರೂ ಪತ್ತೆಯಿಲ್ಲ. ಮನೆಗೆ ಹೋದರೆ ಸೊಸೆ, “ಕುರಿ ಕೂಡ ಹೋಗ್ಯಾರ್ರಿ, ನ್ಯಾಲ್ಕಲ್ ಕಡೀಗಿ. ನಾ ಬ್ಯಾಡಂದೆ, ಕೇಳಿಲ್ಲ,” ಅಂದಳು. ಡಾಕ್ಟರು ಸಿಟ್ಟಾದರು. ಹುಡುಕಿಕೊಂಡು ಹೋಗಿ ನೋಡಿ ಬನ್ನಿ ಎಂದು ನನ್ನನ್ನು ಕಳಿಸಿದರು.

ಬಸ್ಸಿಳಿದು, ಕೇಳುತ್ತ ಕೇಳುತ್ತ ನಡೆದೆ. ಕೊಯ್ದ ಹೊಲವೊಂದರಲ್ಲಿ ಮಂದೆ ಇತ್ತು. ದೂರದಿಂದಲೇ ಕೂಗು ಕೇಳಿಸಿತು: ಎರಡೂ ಕೈ ಮೇಲೆತ್ತಿ, ಹೊಟ್ಟೆಯ ಆಳದಿಂದ, ದಾರಿ ತಪ್ಪುತ್ತಿದ್ದ ಕುರಿಗಳನ್ನು ಕೂಗುತ್ತಿದ್ದಳು. ನನ್ನನ್ನು ನೋಡಿ, “ಜರಾ ಕೂಡು, ಎಣಿಸೋದ್ ಮುಗೀಲಿ,” ಅಂದಳು. ಬೈಯಬೇಕೆಂದು ಅಷ್ಟು ದೂರ ನಡೆದವಳು ಬದುವಿನ ಮೇಲೆ ಕೂತು ಕಾದೆ.

ಆಮೇಲೆ ಕಂಬಳಿ ಹಾಸಿ ಅವಳನ್ನು ಮಲಗಿಸಿದೆ. ಗಾಯದ ಗುರುತು ಒಣಗಿ ಬಿಳಿಯ ಗೆರೆಯಾಗಿತ್ತು. ಅದರ ಮೇಲೆ ಮೂರು ಬೆರಳು ಇಟ್ಟೆ. ಒಳಗಿನ ಹೊಲಿಗೆ ಬಿಟ್ಟಿದ್ದರೆ ಕೆಮ್ಮಿದಾಗ ಅಲ್ಲಿ ಕರುಳು ಎದ್ದು ಬೆರಳಿಗೆ ಬಡಿಯುತ್ತದೆ.

“ಕೆಮ್ಮು.”

ಕೆಮ್ಮಿದಳು. ಬೆರಳಿನ ಕೆಳಗೆ ಏನೂ ಏಳಲಿಲ್ಲ.

“ಇನ್ನೊಮ್ಮಿ. ಜೋರ್ ಕೆಮ್ಮು.”

ಜೋರಾಗಿ ಕೆಮ್ಮಿದಳು. ಏನೂ ಇಲ್ಲ. ನಾನು ಬೆರಳು ತೆಗೆಯಲಿಲ್ಲ. ಆ ಬಯಲಿನಲ್ಲಿ ಕುರಿಗಳೆಲ್ಲ ನೋಡುತ್ತಿರುವಾಗ ಹೀಗೆ ಮಲಗಿಕೊಂಡು ಸುಮ್ಮಸುಮ್ಮನೆ ಕೆಮ್ಮುವುದಕ್ಕೆ ಅವಳಿಗೇ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಮೈಯೆಲ್ಲ ಕುಲುಕುವ ಹಾಗೆ ನಕ್ಕಳು. ಆಗಲೂ ಏನೂ ಏಳಲಿಲ್ಲ.